ಒಂದು ಚಂಬು ಹೊಳೆನೀರು

ನಾನು ಮೂವತ್ತು ವರ್ಷ ಪಾಚಿಯನ್ನು ಕೊಂದವನು. ಆಮೇಲೆ ಆರು ವರ್ಷ ಅದೇ ಪಾಚಿಯನ್ನು ಸಾಕಿದೆ. ಹರಿಹರದ ಫ್ಯಾಕ್ಟರಿ ಕಾಲೊನಿಗೆ ಬಂದು 'ಪಾಚಿ ಮೈಲಾರಪ್ಪ' ಎಂದು ಕೇಳಿದರೆ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಹೆಸರಿಟ್ಟವರ ಬಾಯಿಗೆ ಹುಳ ಬೀಳ ಎಂದು ಮೊದಮೊದಲು ಬೈದುಕೊಳ್ಳುತ್ತಿದ್ದೆ. ಈಗ ಬೈಯುವುದಿಲ್ಲ.

ಫ್ಯಾಕ್ಟರಿ ನಡೆಯುತ್ತಿದ್ದಾಗ ಆಫೀಸರ್ಸ್ ಕ್ಲಬ್ಬಿನ ಈಜುಕೊಳ ನನ್ನ ಕೈಯಲ್ಲಿತ್ತು. ಕ್ಲೋರಿನ್ ಹಾಕುವುದು, ಗೋಡೆ ಉಜ್ಜುವುದು, ಕಾಲು ತೊಳೆಯದೆ ಇಳಿಯುವವರ ಜೊತೆ ಜಗಳ ಆಡುವುದು, ಇಷ್ಟೇ ಕೆಲಸ. ಪಾಚಿಯನ್ನು ಯಾರೂ ಕರೆಯಬೇಕಾಗಿಲ್ಲ. ಗಾಳಿಯ ಧೂಳಿನಲ್ಲಿ ಬರುತ್ತದೆ, ಹಕ್ಕಿಯ ಕಾಲಿಗೆ ಅಂಟಿ ಬರುತ್ತದೆ, ನಿನ್ನೆ ಹೊಳೆಯಲ್ಲಿ ಈಜಿದವನ ಒಣಗದ ಚಡ್ಡಿಯಲ್ಲಿ ಕೂತು ಬರುತ್ತದೆ. ಮನೆಯ ಮೀನಿನ ತೊಟ್ಟಿಗಾದರೆ ಅಂಗಡಿಯಿಂದ ತಂದ ನೀರುಗಿಡದ ಬೇರಿನಲ್ಲಿ, ಬಸವನಹುಳುವಿನ ಚಿಪ್ಪಿನ ಮೇಲೆ. ಬಂದದ್ದು ಬೆಳೆಯಲು ಬೆಳಕು ಬೇಕು, ಊಟ ಬೇಕು. ಪ್ರೀತಿ ಜಾಸ್ತಿಯಾಗಿ ಮೀನಿಗೆ ಚಿಟಿಕೆ ಹಾಕುವ ಕಡೆ ಮುಷ್ಟಿ ಹಾಕುತ್ತಾರಲ್ಲ, ತಿಂದು ಮಿಕ್ಕಿದ್ದು ಕೊಳೆತು ಪಾಚಿಗೆ ಊಟವಾಗುತ್ತದೆ. ಕಣ್ಣಿಗೆ ಕಾಣದ ಕಣ ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ನಾಲ್ಕಾಗುತ್ತದೆ. ಇದನ್ನೆಲ್ಲ ಕ್ಲಬ್ಬಿನ ಗೋಡೆಯ ಬೋರ್ಡಿನಲ್ಲಿ ನಾನೇ ಬರೆಸಿ ಹಾಕಿದ್ದೆ. ಆದ್ದರಿಂದ ಗೊತ್ತಿಲ್ಲದೆ ಮಾಡಿಬಿಟ್ಟೆ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಫ್ಯಾಕ್ಟರಿ ಮುಚ್ಚಿತು, ಕೊಳ ಬತ್ತಿತು. ನನ್ನ ಹೆಂಡತಿ ಹಾಲಮ್ಮ ಊರಾಚೆಯ ಕಲ್ಲು ಪಾಲಿಶ್ ಶೆಡ್ಡಿಗೆ ಹದಿನೇಳು ವರ್ಷ ಹೋಗಿದ್ದವಳು. ಕಲ್ಲಿನ ಹಿಟ್ಟು ಎದೆಯೊಳಗೆ ಕೂತು ಗಟ್ಟಿಯಾಯಿತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಮಾತಾಡಿದರೂ ಏದುಸಿರು. ಅದೇ ಶೆಡ್ಡಿನಲ್ಲಿ ದುಡಿದು ಅದೇ ಕಾಯಿಲೆ ಹೊತ್ತು ಬಂದವರು ಕಾಲೊನಿಯ ನಲವತ್ತಮೂರು ಮನೆಗಳಲ್ಲಿದ್ದರು. ಕರೆಂಟು ದಿನಕ್ಕೆ ಐದು ಗಂಟೆ ಬರುವ ಕಾಲವಿದು. ಗಾಳಿಯಿಂದ ಆಮ್ಲಜನಕ ಹಿಂಡಿ ಕೊಡುವ ಯಂತ್ರ ಉಳಿದ ಹತ್ತೊಂಬತ್ತು ಗಂಟೆ ಸುಮ್ಮನೆ ಕೂರುತ್ತದೆ. ಸಿಲಿಂಡರುಗಳು ದೊಡ್ಡ ಊರುಗಳ ಆಸ್ಪತ್ರೆ ದಾಟಿ ನಮ್ಮ ತನಕ ಬರುವುದು ಅಪರೂಪ.

ಅಂಥ ಹೊತ್ತಿನಲ್ಲಿ ದಾವಣಗೆರೆಯಿಂದ ಡಾಕ್ಟರ್ ಶಾಹಿದಾ ಬಂದರು. ಕೈಯಲ್ಲೊಂದು ಸಣ್ಣ ಗಾಜಿನ ಸೀಸೆ, ಅದರಲ್ಲಿ ಎಳೆ ದರ್ಭೆಯ ಬಣ್ಣದ ನೀರು. ಜನ ಅದಕ್ಕೆ ಉಸಿರುಪಾಚಿ ಎಂದು ಹೆಸರಿಟ್ಟರು.

"ಬೇರೆ ಪಾಚಿಗಳು ತಮ್ಮನ್ನ ಕಾಪಾಡಿಕೊಳ್ಳೋಕೆ, ಜಾಗ ಹಿಡಿಯೋಕೆ ಅಂತ ಶಕ್ತಿ ಖರ್ಚು ಮಾಡ್ತವೆ. ಇದಕ್ಕೆ ಅದನ್ನೆಲ್ಲ ಮರೆಸಿದೀವಿ. ಬಿಸಿಲು ಕುಡಿಯೋದು, ಆಮ್ಲಜನಕ ಬಿಡೋದು, ಅಷ್ಟೇ ಇದರ ಕೆಲಸ" ಎಂದರು.

"ಹಂಗಾದ್ರೆ ಇದು ನಮ್ಮ ಹಾಲಮ್ಮನ ಜಾತೀದೇ ಬಿಡ್ರಿ ಮೇಡಂ. ತನಗೆ ಅಂತ ಏನೂ ಇಟ್ಕಳಲ್ಲ" ಎಂದೆ.

ನಕ್ಕರು. "ಅದಕ್ಕೇ ಮೈಲಾರಪ್ಪನೋರೇ, ಬೇರೆ ಪಾಚಿ ಇದಕ್ಕೆ ಸೋಕಬಾರದು. ಜಗಳ ಆಡೋಕೆ ಬರಲ್ಲ ಇದಕ್ಕೆ. ನಿಮ್ಮಂಥ ಕಾವಲುಗಾರ ಬೇಕು."

ಕ್ಲಬ್ಬಿನ ಕೊಳ ತಾಯಿಕೊಳವಾಯಿತು. ಮೇಲೆ ಪಾರದರ್ಶಕ ಹಾಳೆಯ ಹೊದಿಕೆ, ಪಕ್ಕದಲ್ಲಿ ಬಟ್ಟೆ ಬದಲಿಸುವ ಕೋಣೆಯೇ ಕಂಟ್ರೋಲ್ ರೂಮು. ನಲವತ್ತಮೂರು ಮನೆಗಳ ಪಡಸಾಲೆಯಲ್ಲಿ ಮುಚ್ಚಳವಿರುವ ಗಾಜಿನ ತೊಟ್ಟಿ ಬಂತು, ಥೇಟ್ ಮೀನಿನ ತೊಟ್ಟಿಯ ಹಾಗೆ. ಹಗಲು ಪಾಚಿ ಬಿಟ್ಟ ಆಮ್ಲಜನಕ ಮೇಲಿನ ರಬ್ಬರ್ ಚೀಲದಲ್ಲಿ ತುಂಬಿಕೊಳ್ಳುತ್ತದೆ, ಕತ್ತಲಾದ ಮೇಲೂ ಸಾಲುತ್ತದೆ. ಚೀಲದಿಂದ ಒಂದು ನಳಿಗೆ ಮೂಗಿಗೆ. ಮನೆತೊಟ್ಟಿಯ ಪಾಚಿ ಹತ್ತು ದಿನಕ್ಕೆ ಸುಸ್ತಾಗುತ್ತದೆ. ಅದಕ್ಕೇ ಪ್ರತಿ ಸೋಮವಾರ ತಾಯಿಕೊಳದಿಂದ ಇಪ್ಪತ್ತು ಲೀಟರಿನ ಕ್ಯಾನು ತುಂಬಿ ಮನೆಮನೆಗೆ ಕೊಡುತ್ತಿದ್ದೆ.

ಜನ ಹೊಂದಿಕೊಂಡರು. ಅಂಥೋಣಿ ಮೇಸ್ತ್ರಿ ತಮ್ಮ ತೊಟ್ಟಿಯ ಮೇಲೆ ಸಣ್ಣದೊಂದು ಶಿಲುಬೆ ಇಟ್ಟರು. ಬೇರೆಯವರು ಅರಿಶಿನ ಕುಂಕುಮ ಹಚ್ಚಿದರು. ಹಾಲಮ್ಮ ಬೆಳಿಗ್ಗೆ ಎದ್ದ ಕೂಡಲೇ ಗಾಜು ಒರೆಸಿ "ಉಂಡ್ಯಾ ತಾಯಿ?" ಎಂದು ವಿಚಾರಿಸುತ್ತಿದ್ದಳು. ನನಗೆ ಒಂದು ದಿನವೂ ಹಾಗೆ ಕೇಳಿದವಳಲ್ಲ. ತಿಂಗಳೊಳಗೆ ಎದ್ದು ರೊಟ್ಟಿ ಬಡಿದಳು. ಸಣ್ಣ ಚೀಲವೊಂದಕ್ಕೆ ಗಾಳಿ ತುಂಬಿಸಿಕೊಂಡು ಹೆಗಲಿಗೆ ಹಾಕಿ ಕೊಳದ ಗೇಟಿನ ತನಕ ನನಗೆ ಬುತ್ತಿ ತರತೊಡಗಿದಳು. ಅವಳು ಮತ್ತೆ ಮೊದಲಿನ ಹಾಗೆ ಜೋರಾಗಿ ನನ್ನನ್ನು ಬೈದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಆರು ವರ್ಷ ಹೀಗೆ ನಡೆಯಿತು. ಏಳನೆಯ ವರ್ಷ ಕೊಳದ ತಳದ ಸಿಮೆಂಟು ಬಿರುಕು ಬಿಟ್ಟಿತು. ಪಾಚಿಯನ್ನು ಡ್ರಮ್ಮುಗಳಿಗೆ ಸಾಗಿಸಿ, ಕೊಳ ಬರಿದು ಮಾಡಿ, ಬಿರುಕು ಮುಚ್ಚಿ, ಸೋಸಿ ಕಾಯಿಸಿದ ಹೊಸ ನೀರು ತುಂಬಿದೆವು. ಚೈತ್ರ ಮಾಸ. ಅಲ್ಲಿಂದ ಶುರುವಾಯಿತು ಹಾಲಮ್ಮನ ರಾಗ.

"ಹೊಸ ನೀರು ತುಂಬ್ಸಿ ಗಂಗಿ ಪೂಜಿ ಮಾಡ್ಲಿಲ್ಲ ಅಂದ್ರೆ ಹೆಂಗ್ರೀ?"

ಇದು ನಮ್ಮ ಕೊಳದ ಹಳೆಯ ಪದ್ಧತಿ. ಪ್ರತಿ ಬೇಸಿಗೆ ಕೊಳ ತೊಳೆದು ಹೊಸ ನೀರು ಬಿಟ್ಟ ದಿನ ತುಂಗಭದ್ರೆಯಿಂದ ಒಂದು ಚಂಬು ನೀರು ತಂದು, ಎಲೆ ಅಡಿಕೆ ಇಟ್ಟು, ಕಾಯಿ ಒಡೆದು, ಆ ಹೊಳೆನೀರನ್ನು ಕೊಳಕ್ಕೆ ಸುರಿಯಬೇಕು. ಆಮೇಲೆಯೇ ಯಾರಾದರೂ ಇಳಿಯುವುದು. ದೊಡ್ಡ ಸಾಹೇಬರು ಕೂಡ ಟವೆಲ್ ಸುತ್ತಿಕೊಂಡು ಕಾಯುತ್ತಾ ನಿಲ್ಲುತ್ತಿದ್ದರು. ಮೂವತ್ತು ವರ್ಷವೂ ಆ ಚಂಬು ಹಿಡಿದವನು ನಾನೇ.

"ಹೊರಗಿನ ನೀರು ಒಂದು ಹನೀನೂ ಬೀಳಂಗಿಲ್ಲ ಅದಕ್ಕೆ" ಎಂದೆ.

"ಮೂವತ್ತು ವರ್ಷ ಹಾಕೀರಿ, ಏನಾತು?"

"ಆಗ ಕ್ಲೋರಿನ್ ಹಾಕ್ತಿದ್ವಿ ಮಾರಾಯ್ತಿ. ಈಗ ಹಾಕಿದ್ರೆ ಉಸಿರುಪಾಚೀನೂ ಸಾಯ್ತೈತಿ."

"ನೋಡ್ರಿ, ಆ ನೀರಾಗಿಂದ ನಾ ಉಸಿರು ತಗಳ್ತೀನಿ. ಗಂಗಮ್ಮಗೆ ಒಂದು ಮಾತೂ ಹೇಳ್ದಂಗೆ ತಗಳ್ಳೋದು ನಂಗೆ ಸರಿ ಬರವಲ್ದು. ಬರೇ ಒಂದು ಚಂಬು."

"ಕುದ್ಸಿ ಹಾಕ್ತೀನಿ ಹಂಗಾದ್ರೆ."

"ಗಂಗೀನ ಕುದ್ಸಿದ್ರೆ ಅದು ಪೂಜಿ ಆಗಲ್ಲ, ಸಾರಾಗ್ತೈತಿ!" ಎಂದು ತನ್ನ ಮಾತಿಗೆ ತಾನೇ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ನಾನು ಬೆನ್ನು ತೀಡುತ್ತಾ ಕೂತೆ. ಆ ನಗುವಿನ ಮುಂದೆ ನನ್ನ ಮೂವತ್ತು ವರ್ಷದ ಬುದ್ಧಿ ಮಣ್ಣುಗೂಡಿತು.

ಭಾನುವಾರ ಮೇಡಂ ಊರಿಗೆ ಹೋಗಿದ್ದರು. ಹಾಲಮ್ಮ ತಾನೂ ಬರುತ್ತೇನೆ ಎಂದಳು. ಬಿಸಿಲು ಜೋರಿದೆ ಬೇಡ ಎಂದು ಮಲಗಿಸಿ ಬಂದೆ. ಚೈತ್ರದಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ಗುಂಡಿಗಳಲ್ಲಷ್ಟೇ ನೀರು. ಇದ್ದುದರಲ್ಲಿ ತಿಳಿಯಾದ ಕಡೆ ನೋಡಿ, ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಚಂಬು ತುಂಬಿದೆ. ಪಾಚಿಯ ಕಣ ಪಂಚೆಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಸೋಸಿದ್ದೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹೊದಿಕೆಯ ಒಂದು ಮೂಲೆ ಎತ್ತಿ, ಕಾಯಿ ಒಡೆದು, ಕಣ್ಣು ಮುಚ್ಚಿ, ಹಾಲಮ್ಮನ ಹೆಸರು ಹೇಳಿ ಸುರಿದೆ. ಡ್ರಮ್ಮಿನ ಪಾಚಿಯನ್ನು ಮಾರನೆಯ ದಿನ ಬಿಟ್ಟೆವು.

"ಹಾಕಿದ್ರಾ?" ಎಂದು ಕೇಳಿದಳು ಮನೆಗೆ ಹೋದ ಕೂಡಲೇ.

"ಹಾಕ್ದೆ."

ತೊಟ್ಟಿಯ ಕಡೆ ತಿರುಗಿ ಕೈ ಮುಗಿದಳು. ಆವತ್ತು ಅವಳ ಮುಖದಲ್ಲಿ ಏನು ಕಳೆ ಅಂತೀರಿ!

ಹದಿನೆಂಟನೆಯ ದಿನ ಬುಧವಾರ, ಕಂಟ್ರೋಲ್ ರೂಮಿಗೆ ಕಾಲಿಡುವಾಗಲೇ ಮೇಡಂ ಆಮ್ಲಜನಕದ ಮೀಟರನ್ನು ಬೆರಳಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದರು. ಮುಳ್ಳು ಕೆಳಗಿತ್ತು. ಕೊಳದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ನನ್ನನ್ನೂ ಕರೆದು ತೋರಿಸಿದರು. ಉಸಿರುಪಾಚಿಯ ದುಂಡನೆಯ ಹಸಿರು ಕಣಗಳ ನಡುವೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕಿಗಳು.

"ಬೇರೆ ಪಾಚಿ ಸೇರಿದೆ. ಇಷ್ಟು ಸಣ್ಣದಿರುವಾಗ ಯಾವ ಜಾತಿ ಅಂತ ಇಲ್ಲಿ ಹೇಳೋಕಾಗಲ್ಲ. ಬೆಂಗಳೂರಿನ ಲ್ಯಾಬಿಗೆ ಕಳಿಸಿದರೆ ಉತ್ತರ ಬರೋಕೆ ಆರು ದಿನ. ಅಲ್ಲೀತನಕ ಸುಮ್ಮನೆ ಕೂರೋ ಹಾಗಿಲ್ಲ. ಮೊನ್ನೆ ಸೋಮವಾರದ ಕ್ಯಾನು ನಲವತ್ತಮೂರು ಮನೆಗೂ ಹೋಗಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಿಂದ ಬಂತು ಅಂತ ಗೊತ್ತಾದರೆ ಯಾವ ಮದ್ದು ಅಂತ ಹೇಳಬಹುದು. ನಿಮ್ಮ ಅನುಭವದಲ್ಲಿ ಏನನ್ನಿಸುತ್ತೆ ಮೈಲಾರಪ್ಪನೋರೇ? ಹೊರಗಿನ ನೀರೇನಾದರೂ ಸೇರಿತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪಂಚೆಯ ಅಂಚು ಮುಟ್ಟಿಕೊಂಡೆ. ಆರು ವರ್ಷ ಈ ಹೆಣ್ಣುಮಗಳು ನನ್ನನ್ನು ಬಹುವಚನದಲ್ಲಿ ಕರೆದು, ಎಲ್ಲರ ಮುಂದೆ ನಮ್ಮ ಕಾವಲುಗಾರರು ಎಂದು ಹೇಳಿಕೊಂಡಿದ್ದಳು. ಚಂಬಿನ ವಿಷಯ ಹೇಳಿದರೆ ಏನೆಂದುಕೊಂಡಾಳು? ಕೆಲಸದಿಂದ ತೆಗೆದರೆ? ತೊಟ್ಟಿಯನ್ನೂ ವಾಪಸು ತೆಗೆದುಕೊಂಡರೆ?

"ನೀರಾ? ಛೆ ಛೆ, ಇಲ್ಲ ಮೇಡಂ. ಪಾರಿವಾಳ. ಹೊದಿಕೆ ಆ ಮೂಲ್ಯಾಗೆ ಸ್ವಲ್ಪ ಎದ್ದೈತಿ. ಅವುಗಳ ಕಾಟ ಈ ವರ್ಷ ವಿಪರೀತ" ಎಂದೆ.

ಹೊದಿಕೆ ಎದ್ದಿದ್ದು ನಿಜ. ಎತ್ತಿದವನು ನಾನು. ಅವರು ನಂಬಿದರು. ನನ್ನ ಮಾತನ್ನು ಅವರು ಯಾವತ್ತೂ ನಂಬದೆ ಇದ್ದಿಲ್ಲ.

ಹಕ್ಕಿಯಿಂದ ಬಂದದ್ದಾದರೆ ಅದು ಚಾವಣಿಯ ಮೇಲಿನ ಒಣ ಹಸಿರುಪಾಚಿಯೇ ಇರಬೇಕು, ಅದಕ್ಕೆ ಜೋರು ಬಿಸಿಲು ಬೇಕು, ನಾಲ್ಕು ದಿನ ಕತ್ತಲಲ್ಲಿಟ್ಟರೆ ಸೊರಗುತ್ತದೆ, ಉಸಿರುಪಾಚಿ ಅಷ್ಟನ್ನು ತಡೆದುಕೊಳ್ಳುತ್ತದೆ ಎಂದು ಮೇಡಂ ಲೆಕ್ಕ ಹಾಕಿದರು. ಕೊಳಕ್ಕೆ ಕಪ್ಪು ಟಾರ್ಪಾಲು ಎಳೆದೆವು. ಮನೆತೊಟ್ಟಿಗಳಿಗೂ ಕಂಬಳಿ ಹೊದಿಸಲು ಹೇಳಿದರು. ಕತ್ತಲಲ್ಲಿ ತೊಟ್ಟಿ ಉಸಿರು ಕೊಡುವುದಿಲ್ಲವಲ್ಲ, ಆ ನಾಲ್ಕು ದಿನಕ್ಕೆಂದು ಆಪತ್ಕಾಲದ ಸಿಲಿಂಡರುಗಳನ್ನೆಲ್ಲ ತೆರೆದರು. ಒಂದೂ ಉಳಿಸಲಿಲ್ಲ.

ಮನೆಯಲ್ಲಿ ಹಾಲಮ್ಮ ತನ್ನ ಕರಿ ಕಂಬಳಿಯನ್ನು ತೊಟ್ಟಿಗೆ ತಾನೇ ಹೊದಿಸಿದಳು.

"ಜ್ವರ ಬಂದ ಕೂಸಿಗೆ ಹೊದ್ಸಿದಂಗೆ ಐತಿ" ಎಂದಳು. "ಯಾವಾಗ ತಗೀಬೇಕಂತೆ?"

"ಭಾನುವಾರ."

"ಪಾರಿವಾಳ ಅಂತಲ್ಲ. ನಿಮ್ಮ ಮೇಡಂ ಅವನ್ನ ಹೊಡಿಯಕೆ ಹೇಳ್ಯಾರ? ಪಾಪ, ಅವೇನು ಬೇಕಂತ ತಂದ್ವಾ?"

ನಾನು ಬಚ್ಚಲಿಗೆ ಹೋಗಿ ಸುಮ್ಮಸುಮ್ಮನೆ ಮುಖ ತೊಳೆದುಕೊಂಡೆ. ಹೇಳಿಬಿಡು ಹೇಳಿಬಿಡು ಎಂದು ಮನಸ್ಸು ಒದ್ದುಕೊಳ್ಳುತ್ತಿತ್ತು. ಗುರುವಾರ ಹೇಳೋಣ ಎಂದುಕೊಂಡೆ, ಶುಕ್ರವಾರ ಎಂದುಕೊಂಡೆ. ಟಾರ್ಪಾಲಿನಿಂದಲೇ ಸರಿಹೋದರೆ ಹೇಳುವ ಅಗತ್ಯವೇನು ಎಂದೂ ಅಂದುಕೊಂಡೆ. ಹೇಡಿಗೆ ಒಂದು ದಿನ ಸಿಕ್ಕರೆ ಸಾಕು, ಅದನ್ನೇ ಹಿಗ್ಗಿಸಿಕೊಂಡು ಕೂರುತ್ತಾನೆ.

ಭಾನುವಾರ ಟಾರ್ಪಾಲು ಸರಿಸಿದಾಗ ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡೆವು. ನೀರಿನ ಮೇಲೆ ನೀಲಿಹಸಿರು ಕೆನೆ ಕಟ್ಟಿತ್ತು. ಉಸಿರುಪಾಚಿ ಸತ್ತು ತಳಕ್ಕೆ ಕೂತು ಕೊಳೆಯುತ್ತಿತ್ತು. ಮನೆಗಳಲ್ಲೂ ಕಂಬಳಿ ತೆಗೆದರೆ ಅದೇ ಕಥೆ. ಆವತ್ತು ಮಧ್ಯಾಹ್ನ ಅಂಥೋಣಿ ಮೇಸ್ತ್ರಿಯವರ ಸಿಲಿಂಡರು ಮುಗಿಯಿತು. ಸಂಜೆಯ ಹೊತ್ತಿಗೆ ಅವರೂ ಮುಗಿದರು. ನನ್ನ ಮದುವೆಗೆ ಚಪ್ಪರ ಹಾಕಿದ ಮನುಷ್ಯ.

ಮಂಗಳವಾರ ಬೆಂಗಳೂರಿನ ವರದಿ ಬಂತು. ಮೇಡಂ ಅದನ್ನು ಎರಡು ಸಲ ಓದಿದರು. ಕಂಟ್ರೋಲ್ ರೂಮಿನ ಬೆಂಚಿನ ಮೇಲೆ ಕುಸಿದು ಕೂತರು.

"ಇದು ಹಕ್ಕಿಯಿಂದ ಬಂದದ್ದಲ್ಲ ಮೈಲಾರಪ್ಪನೋರೇ. ಹೊಳೆಯ ನೀಲಿಹಸಿರು ಜಾತಿ. ಕೊಳೆತದ್ದನ್ನ ತಿಂದು ಕತ್ತಲಲ್ಲೂ ಬೆಳೆಯುತ್ತೆ ಇದು. ನಾವೇ ನಾಲ್ಕು ದಿನ ಟಾರ್ಪಾಲು ಹಾಕಿ ಸಾಕಿದ್ವಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿಸಿದವನು ಎದುರಿಗೇ ನಿಂತಿದ್ದೆ.

"ಈಗ ಮದ್ದಿಲ್ವಾ ಮೇಡಂ?"

"ಇತ್ತು. ಹೈಡ್ರೋಜನ್ ಪೆರಾಕ್ಸೈಡ್. ಈ ಇಡೀ ಕೊಳಕ್ಕೆ ಮೂರು ಲೀಟರ್ ಸಾಕಿತ್ತು. ಈ ಜಾತಿಯನ್ನ ಮಾತ್ರ ಕೊಲ್ಲುತ್ತೆ, ನಮ್ಮದು ಉಳಿಯುತ್ತೆ. ಆದರೆ ಬುಧವಾರವೇ ಹಾಕಬೇಕಿತ್ತು, ಚುಕ್ಕಿಗಳಿದ್ದಾಗ. ಈಗ ಇಷ್ಟನ್ನೂ ಒಟ್ಟಿಗೆ ಕೊಂದರೆ ನೀರೇ ವಿಷ ಆಗುತ್ತೆ." ಅವರು ಮೂಲೆಯ ಕಪಾಟಿನ ಕಡೆ ಬೆರಳು ತೋರಿಸಿದರು. "ಅಲ್ಲೇ ಇದೆ ನೋಡಿ, ಐದು ಲೀಟರಿನ ಕ್ಯಾನು. ಕೈಗೆಟುಕುವ ಹಾಗೆ."

ಉಗುರಿನಲ್ಲಿ ಹೋಗುವುದಕ್ಕೆ ಈಗ ಕೊಡಲಿಯೂ ಸಾಲದಾಗಿತ್ತು. ಕೊಳ, ತೊಟ್ಟಿ ಎಲ್ಲ ಖಾಲಿ ಮಾಡಿ ತೊಳೆದು, ಬೆಂಗಳೂರಿನಲ್ಲಿ ಮೊಹರು ಹಾಕಿಟ್ಟ ಸೀಸೆಯಿಂದ ಮತ್ತೆ ಬೆಳೆಸಿಕೊಂಡು ಬರಲು ಹನ್ನೊಂದು ದಿನ ಬೇಕಿತ್ತು. ಆಸ್ಪತ್ರೆಗೆ ಎಷ್ಟೇ ಅಂಗಲಾಚಿದರೂ ಬಂದದ್ದು ಆರು ಸಿಲಿಂಡರು. ಹಳೆಯ ಆಮ್ಲಜನಕದ ಯಂತ್ರಗಳು ಆರು ವರ್ಷ ಮೂಲೆಯಲ್ಲಿ ಬಿದ್ದು ಕೆಟ್ಟುಹೋಗಿದ್ದವು. ಮನೆಗೆ ಎರಡೆರಡು ಗಂಟೆಯ ಸರದಿ ಹಚ್ಚಿ ನಾನೇ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆ. ನಮ್ಮ ಮನೆಯ ಸರದಿ ಬಂದಾಗ ಹತ್ತು ನಿಮಿಷ ಜಾಸ್ತಿ ಬಿಡೋಣ ಎನ್ನಿಸುತ್ತಿತ್ತು. ಹಾಲಮ್ಮ ಗಡಿಯಾರ ನೋಡಿ ತಾನೇ ನಳಿಗೆ ಕಿತ್ತು ಕೊಡುತ್ತಿದ್ದಳು.

ಖಾಲಿ ಮಾಡಿದ ಆರನೆಯ ದಿನ, ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನಿಂದ ಆಗಲಿಲ್ಲ. ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ಚಂಬು, ಪಂಚೆ, ಪಾರಿವಾಳ, ಮೂರು ಲೀಟರ್ ಪೆರಾಕ್ಸೈಡ್. ಅವಳ ಕಾಲ ಹತ್ತಿರ ತಲೆಯಿಟ್ಟು ಅತ್ತೆ.

ಅವಳು ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಹಾಕ್ರಿ ಅಂದೋಳು ನಾನು" ಎಂದಳು.

"ಹಾಕಿದೋನು ನಾನು. ಸುಳ್ಳು ಹೇಳಿದೋನೂ ನಾನು. ಹೋಗಿ ಮೇಡಂಗೆ ಹೇಳಿ ಬರ್ತೀನಿ."

"ಬ್ಯಾಡ." ನನ್ನ ಮುಂಗೈ ಹಿಡಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ. "ಈಗ ಹೇಳಿದ್ರೆ ನಿಮ್ಮನ್ನ ಉಳಿಸ್ತಾರೇನ್ರೀ ಕಾಲೊನ್ಯಾಗೆ? ನಾ ಹೋದ ಮ್ಯಾಲೆ ಹೇಳ್ರಿ. ಹಾಲಮ್ಮ ಹಾಕಿದ್ಲು, ನಂಗೂ ಗೊತ್ತಿರ್ಲಿಲ್ಲ ಅನ್ರಿ. ಸತ್ತೋಳಿಗೆ ಯಾರು ಬೈತಾರೆ? ನೀವು ಇನ್ನೂ ಇಲ್ಲಿ ಬಾಳ್ವಿ ಮಾಡ್ಬೇಕು."

"ಹುಚ್ಚಿ ಹಂಗೆ ಮಾತಾಡ್ಬ್ಯಾಡ" ಎಂದು ಗದರಿಸಿದೆ.

"ಗಂಜಿ ತಣ್ಣಗಾಗ್ತೈತಿ ಕೊಡ್ರಿ" ಎಂದಳು.

ಒಂಬತ್ತನೆಯ ದಿನ, ಮಧ್ಯಾಹ್ನ ಹನ್ನೆರಡೂವರೆ. ಕರೆಂಟು ಬಂದಿತ್ತು, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ನಾನು ಸಿಲಿಂಡರು ತಳ್ಳಿಕೊಂಡು ಮೂರು ಮನೆ ಆಚೆ ಇದ್ದೆ. ನಮ್ಮ ಸರದಿಗೆ ಇನ್ನೂ ನಲವತ್ತು ನಿಮಿಷ ಇತ್ತು. ಗಾಡಿ ತಳ್ಳಿಕೊಂಡು ನಮ್ಮನೆ ದಾಟುವಾಗ ಇಣುಕಿ ನೋಡಿದರೆ ಹಾಲಮ್ಮ ಖಾಲಿ ತೊಟ್ಟಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಕೈಗಾಡಿಯ ಮೇಲಿನ ಸಿಲಿಂಡರಿನ ನಳಿಗೆಯನ್ನು ಅವಳ ಮೂಗಿಗೆ ಇಟ್ಟು ಒಂದು ಗಂಟೆ ಕೂತೆ. ಆ ಒಂದು ಗಂಟೆ ಬೇರೆ ಯಾರದೋ ಸರದಿಯದು ಎಂದು ಮೇಡಂ ಬಂದು ಮೆಲ್ಲಗೆ ಬಿಡಿಸಿದರು.

ಹೊಸ ಉಸಿರುಪಾಚಿ ಬಂದದ್ದು ಅದಾಗಿ ಎರಡು ದಿನಕ್ಕೆ. ಅಷ್ಟರೊಳಗೆ ಒಟ್ಟು ಏಳು ಜನ ಹೋಗಿದ್ದರು.

ಹದಿಮೂರನೆಯ ದಿನದ ಕರ್ಮ ಮುಗಿದ ಮೇಲೆ ಕ್ಲಬ್ಬಿನ ಹಾಲಿನಲ್ಲಿ ಮೇಡಂ ಸಭೆ ಕರೆದರು. ಹೊಳೆಯ ಪಾಚಿ ಕೊಳಕ್ಕೆ ಹೇಗೆ ಬಂತು ಎಂದು ಗೊತ್ತಾಗದಿದ್ದರೆ ಮತ್ತೆ ಹೀಗೇ ಆಗಬಹುದು, ಯಾರಿಗೆ ಏನು ಗೊತ್ತಿದ್ದರೂ ಹೇಳಿ, ಯಾರನ್ನೂ ಶಿಕ್ಷಿಸುವುದಿಲ್ಲ ಎಂದರು. ಅಂಥೋಣಿ ಮೇಸ್ತ್ರಿಯವರ ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದರು, ಕರಿ ಸೆರಗು ತಲೆ ಮೇಲೆ. ನಾನು ಎದ್ದು ನಿಂತೆ. ದೇವರಾಣೆ ನಿಜ ಹೇಳಲೆಂದೇ ಎದ್ದೆ. ಆಕೆಯ ಮುಖ ನೋಡಿದೆ. ಎಲ್ಲರ ಮುಖ ನೋಡಿದೆ.

"ನಮ್ಮನೆಯೋಳು" ಎಂದೆ. "ನಂಗೆ ಗೊತ್ತಿಲ್ದಂಗೆ... ಗಂಗಿ ಪೂಜಿ ಅಂತ ಒಂದು ಚಂಬು ಹೊಳಿ ನೀರು... ಸಾಯೋ ಮುಂದೆ ಹೇಳಿದ್ಲು."

ಯಾರೂ ಬೈಯಲಿಲ್ಲ. ಅವಳು ಹೇಳಿದ ಹಾಗೆಯೇ ಆಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಅಂಥೋಣಿಯವರ ಹೆಂಡತಿ ಎದ್ದು ಬಂದು ನನ್ನ ಕೈ ಹಿಡಿದು, "ಭಕ್ತಿಯಿಂದ ಮಾಡಿದ್ದು ಮೈಲಾರಪ್ಪ, ನಾನು ಕ್ಷಮಿಸಿದೀನಿ ಆಕೀನ" ಎಂದರು. ಮೇಡಂ ತಲೆ ತಗ್ಗಿಸಿ ಕಾಗದದಲ್ಲಿ ಹಾಲಮ್ಮನ ಹೆಸರು ಬರೆದುಕೊಂಡರು.

ಆ ಹೆಸರು ವರದಿಯಲ್ಲಿದೆ. ಬೇರೆ ಊರುಗಳಲ್ಲಿ ತಾಯಿಕೊಳ ಶುರು ಮಾಡುವವರಿಗೆ ಪಾಠ ಹೇಳುವಾಗ 'ಹರಿಹರದಲ್ಲಿ ಒಬ್ಬ ಹೆಂಗಸು' ಎಂದು ಅವಳ ಉದಾಹರಣೆಯನ್ನೇ ಕೊಡುತ್ತಾರಂತೆ. ಮೇಡಂ ಈಗಲೂ ನನ್ನನ್ನು ಕಾವಲುಗಾರರು ಎಂದೇ ಕರೆಯುತ್ತಾರೆ. ಪ್ರತಿ ಸೋಮವಾರ ಕ್ಯಾನು ತೆಗೆದುಕೊಂಡು ಹೋದರೆ ಜನ ಕೂರಿಸಿ ಚಹಾ ಕೊಡುತ್ತಾರೆ, ಹೆಂಡತಿ ಸತ್ತವನೆಂದು ಕನಿಕರ ತೋರಿಸುತ್ತಾರೆ. ನಾನು ಕುಡಿದು ಬರುತ್ತೇನೆ.

ಇದನ್ನು ಓದಿದ ಮೇಲೆ ನೀವು ಯಾರೂ ಚಹಾ ಕೊಡುವುದಿಲ್ಲ, ಗೊತ್ತು. ಕೊಡಬೇಡಿ. ಆ ಭಾನುವಾರ ಹಾಲಮ್ಮ ಮನೆಯಲ್ಲಿ ಮಲಗಿದ್ದಳು. ಹೊಳೆಗೆ ಹೋದವನು ನಾನು, ಸುರಿದವನು ನಾನು, ಒಂದು ವಾರ ಬಾಯಿ ಮುಚ್ಚಿಕೊಂಡು ಕೂತವನು ನಾನು. ವರದಿಯಲ್ಲಿ ಅವಳ ಹೆಸರು ಹೊಡೆದುಹಾಕಿ ನನ್ನದು ಬರೆಯಿರಿ.